ಎಣ್ಣಿ ಮಾರೋನಿಗೆ ಕಿವಿ ಇರಬೇಕು

ಬಾಯಿ ಬಿಟ್ಟು ಹೊಟ್ಟಿ ಹೊರೆಯೋನಿಗೆ ಇಂಥಾವು ಆಗದ ದಿನಾನ ಇಲ್ಲ ನೋಡ್ರಿ. ನಾನು ರಾಯಚೂರಾಗ ಒಬ್ಬ ಸಾವ್ಕಾರನ ಕಡೆ ಎಣ್ಣಿ ಮಾರೋನಾಗಿದ್ದೆ. ಆಗ ನಿಜಾಮರ ರಾಜ್ಯ, ಲಡಾಯಿ ಆಗಷ್ಟ ಮುಗಿದಿತ್ತು. ಸಾವ್ಕಾರ ಹೊಸದಾಗಿ ಗಿರಣಿ ಹಾಕಿ ಕುಸುಬಿ ಎಣ್ಣಿ ತೆಗಸಾಕ ಶುರು ಮಾಡಿದ್ದ. ಗಾಣದ ಎಣ್ಣಿ ಉಂಡು ಬೆಳೆದ ಮಂದಿ ಗಿರಣಿ ಎಣ್ಣಿ ಅಂದ್ರ ಮೂಗು ಮುರೀತಿದ್ರು. ಮಾರದ ಡಬ್ಬಿ ಎಲ್ಲಾ ಅಂಗಡಿ ಹಿಂದಿನ ಕೋಣ್ಯಾಗ. ಆ ಡಬ್ಬಿಗಳ ನಡುವ ನನ್ನ ಹಾಸಿಗಿ.

ನನ್ನ ಹಡೆದಾಕಿ ಹಡೆದ ಮ್ಯಾಲೆ ಉಳೀಲಿಲ್ಲ. ಅಪ್ಪ ಹತ್ತಿ ಗಿರಣ್ಯಾಗ ದುಡೀತಾ ದುಡೀತಾನ ಹೋದ. ಗಿರಣಿ ಗಂಡಸರ ನಡುವ ಬೆಳೆದು, ಖಾನಾವಳ್ಯಾಗ ಉಂಡು ದೊಡ್ಡಾವ ಆದವ ನಾನು. ಆ ಕೋಣಿನ ನನಗ ಮನಿ.

"ದೀವಳಿಗಿ ಒಳಗ ಈ ಡಬ್ಬಿ ಖರ್ಚಾಗ್ಲಿಲ್ಲ ಅಂದ್ರ, ಹಾಸಿಗಿ ಸುತ್ಕೊಂಡು ಬ್ಯಾರೆ ಕಡೆ ನೋಡ್ಕೊ" ಅಂದ ಸಾವ್ಕಾರ.

ಬ್ಯಾರೆ ಕಡೆ ಅಂದ್ರ ಎಲ್ಲಿ ಅಂತ ಅವಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಟೇಶನ್ನಾಗ

"ಮಾಲಿನ ಹೆಸರು ಮಂದಿ ಕಿವಿ ಮ್ಯಾಲೆ ಬೀಳ್ತಾನ ಇರಬೇಕು" ಅನ್ನೋದು ಸಾವ್ಕಾರನ ಮೊದಲನೇ ಉಪದೇಶ. ಆತು ಬಿಡು ಅಂತ ಟೇಶನ್ನಿಗೆ ಹೋಗಿ, ಗಾಡಿ ನಿಂತ ಕೂಡಲೆ "ಎಣ್ಣಿ, ಎಣ್ಣಿ" ಅಂತ ಗಂಟಲ ಹರಕೊಂಡೆ.

ಕಿಟಕ್ಯಾಗಿಂದ ಒಬ್ಬ ತೆಲುಗು ಮನಷ್ಯಾ ತಲಿ ಹೊರಗ ಹಾಕಿ "ನಾಲುಗು" ಅಂದ.

ಬೋಣಿಗೆನ ನಾಕು ಡಬ್ಬಿ. ಖುಷಿಲೆ ಬಾಗಲಕ್ಕ ಓಡಿದೆ. ಅವ ನನ್ನ ತಲಿ ಮ್ಯಾಲೆ ಎರಡು, ಹೆಗಲಿಗೆ ಒಂದು, ಕೈಯಾಗ ಒಂದು, ಹಿಂಗ ನಾಕು ಗಂಟು ಹೇರಿಬಿಟ್ಟ. ತೆಲುಗಿನ್ಯಾಗ 'ಎನ್ನಿ' ಅಂದ್ರ 'ಎಷ್ಟು' ಅಂತ. ಹಮಾಲ ಗಂಟು ಎಷ್ಟದಾವ ಅಂತ ಕೇಳಾಕತ್ತಾನ ಅಂತ ತಿಳಕೊಂಡಿದ್ದ ಅವ. ತಲಿ ಮ್ಯಾಲೆ ಭಾರ ಬಿದ್ದ ಮ್ಯಾಲೆ ವಾದ ಮಾಡಾಕ ಉಸಿರೆಲ್ಲಿಂದ ಬರಬೇಕು? ಟಾಂಗಾ ತನಕ ಹೊತ್ತೆ.

ದಾರಿ ತುಂಬ ಅವನ ಹೆಂಡ್ತಿ ಬಾಜೂಕ ನಡಕೋತ "ಜಾಗ್ರತ್ತ, ಜಾಗ್ರತ್ತ" ಅಂತ ಹೇಳ್ತಾನ ಇದ್ಲು. ನಂಗ ಅಷ್ಟು ಕಾಳಜಿಲೆ ಯಾರೂ ಮಾತಾಡ್ಸಿರಲಿಲ್ಲ, ಕಣ್ಣಾಗ ನೀರು ಬಂದ್ವು. ಗಂಟು ಇಳಿಸಿದ ಮ್ಯಾಲೆ ತಿಳೀತು, ಮ್ಯಾಲಿನ ಗಂಟಿನ್ಯಾಗ ಉಪ್ಪಿನಕಾಯಿ ಜಾಡಿ ಇತ್ತು.

ಮಾನ್ವಿ ಸಂತ್ಯಾಗ

"ಮೊದಲು ಪುಕ್ಕಟ ಕೊಟ್ಟು ನೋಡು, ಆಮ್ಯಾಲೆ ತಾವ ಕೊಳ್ತಾರ." ಇದು ಎರಡನೇ ಉಪದೇಶ. ಮಾನ್ವಿ ಸಂತ್ಯಾಗ ಒಂದು ಡಬ್ಬಿ ಒಡೆದು ಕುಂತೆ.

ಮಲ್ಲಟದ ಕಡೆಯ ಒಬ್ಬ ಕುರಿ ಕಾಯೋ ಹಿರಿಯ ಬಂದು ಅಂಗೈ ಚಾಚಿದ. ಹಾಕಿದೆ. ತಲಿಗೆ ತಿಕ್ಕೊಂಡ. ಮತ್ತ ಚಾಚಿದ, ಮೀಸಿಗೆ ಹಚ್ಚಿದ. ಮತ್ತ ಚಾಚಿದ, ಮೊಣಕಾಲಿಗೆ ಹಚ್ಚಿದ. ಆಮ್ಯಾಲೆ ಎತ್ತು ಹಿಡಕೊಂಡು ಬಂದು ಕೋಡಿಗೆ ಹಚ್ಚಿದ. ನಾನೂ ಸುಮ್ಮನ ಹಾಕಿದೆ. ಹಗಲೆಲ್ಲಾ ಒಬ್ಬನ ಕುಂತವಗ ಯಾರರ ಒಬ್ರು ಎದುರಿಗೆ ನಿಂತ್ರ ಸಾಕಾಗಿರ್ತದ. ಕಡೀಕ ಗಾಡಿ ಅಚ್ಚಿಗೂ ಹಾಕಿಸ್ಕೊಂಡ.

"ಹೆಂಗದ ಯಪ್ಪಾ ಎಣ್ಣಿ?" ಅಂದೆ.

"ಭಾಳ ಚಲೋ ಅದ. ನೋಡು, ಗಾಲಿ ಸಪ್ಪಳನ ಮಾಡವಲ್ದು."

"ಹಂಗಾರ ಒಂದು ಡಬ್ಬಿ ಒಯ್ಯಿರಿ."

ಅವ ತನ್ನ ತಲಿ, ಮೀಸಿ, ಎತ್ತು, ಗಾಡಿ ಎಲ್ಲಾ ಒಂದು ಸಲ ನೋಡಿ ಅಂದ: "ಇನ್ನ ಯಾತಕ್ಕ? ಎಲ್ಲಾದಕ್ಕೂ ಹಚ್ಚಿ ಆತಲ್ಲ."

ದೇವದುರ್ಗದಾಗ

"ಗಂಡಸರನ್ನ ಬಿಡು. ಒಲಿ ಮುಂದ ಕುಂದ್ರೋರು ಹೆಂಗಸರು. ಮನಿ ಮನಿಗೆ ಹೋಗಿ ಎಣ್ಣಿ ಅದ ಏನು ಅಂತ ಕೇಳು. ಅವರು ಏನಂತಾರ, ಕಿವಿಗೊಟ್ಟು ಕೇಳು." ಇದು ಮೂರನೇದು.

ದೇವದುರ್ಗದ ಮೊದಲನೇ ಮನಿ ಮುಂದ ಬಂಡಿ ನಿಲ್ಲಿಸಿ "ಯವ್ವಾ, ಮನ್ಯಾಗ ಎಣ್ಣಿ ಅದ ಏನ್ರಿ?" ಅಂದೆ.

"ಹೆಚ್ಚಾಗೇದ ಯಪ್ಪಾ" ಅಂದ್ಲು.

ಹೆಚ್ಚಾಗಿದ್ರ ಮತ್ತ ಯಾಕ ಕೊಳ್ತಾಳ ಅಂತ ಮುಂದ ಹೋದೆ. ಎರಡನೇ ಮನ್ಯಾಗೂ "ಹೆಚ್ಚಾಗೇದ". ಓಣಿ ತುಂಬ ಅದ ಮಾತು. ನಾನು ಹೊಂಟ್ರ ಹೆಂಗಸರು ಗಡಿಗಿ ಹಿಡಕೊಂಡು ಬಾಗಲದಾಗ ನಿಂತು ನನ್ನನ್ನ ನೋಡೋರು. ರಾಯಚೂರಿಗೆ ಬಂದು "ಸಾವ್ಕಾರ್ರ, ಅಲ್ಲಿ ಎಣ್ಣಿ ಹೊಳಿ ಹರದಂಗ ಹರೀತದ" ಅಂದೆ.

"ಇನ್ನೊಂದು ಸಲ ಹೋಗು. ತುಂಬಿದ ಬಂಡಿ ಮತ್ತ ತಂದಿ ಅಂದ್ರ ಕೋಣಿಗೆ ಕೀಲಿ" ಅಂದ.

ಹೋದೆ. ಮತ್ತ ಅದ ಹಾಡು. ಓಣಿ ಕಡೀ ಮನ್ಯಾಗ ಒಬ್ಬಾಕಿ ಮುದುಕಿ. ಆಕಿನೂ "ಹೆಚ್ಚಾಗೇದ" ಅಂದಾಗ ನಾನು ಆಕಿ ಕಟ್ಟಿ ಮ್ಯಾಲೆ ಕುಂತುಬಿಟ್ಟೆ.

"ಊರಿಗೆ ಊರ ಎಣ್ಣಿ ಹೆಚ್ಚು ಮಾಡ್ಕೊಂಡು ಕುಂತ್ರ ನಾನೆಲ್ಲಿ ಹೋಗ್ಲಿ ಯವ್ವಾ? ಒಂಚೂರು ಖರ್ಚರ ಮಾಡ್ರಿ."

ಮುದುಕಿ ನನ್ನ ಮಾರಿ ನೋಡಿದ್ಲು. ಒಳಗ ಹೋಗಿ ಎಣ್ಣಿ ಗಡಿಗಿ ತಂದು ನನ್ನೆದುರಿಗೆ ಬೋರಲು ಹಾಕಿದ್ಲು. ಒಂದು ಹನಿ ಬೀಳ್ಲಿಲ್ಲ.

"ಹೆಚ್ಚಾಗೇದ ಅಂದ್ರ ಮುಗದದ ಅಂತ, ಹುಚ್ಚಪ್ಪಾ. ಎಣ್ಣಿ, ಉಪ್ಪು, ಅರಿಶಿಣ ಮನ್ಯಾಗ 'ಇಲ್ಲ' ಅನಬಾರ್ದು. ಮನಿಗೆ ಚಲೋ ಅಲ್ಲ ಅದು."

ಖಾನಾವಳ್ಯಾಗ ಸಾರು ಮುಗದ್ರ 'ಖತಂ' ಅಂತಿದ್ರು. ನಂಗ ಅಷ್ಟ ಗೊತ್ತು.

ಮುದುಕಿ ಓಣಿಗೆಲ್ಲಾ ಕೇಳೂವಂಗ ಕರೆದು ನನ್ನ ಶ್ಯಾಣ್ಯಾತನ ಹೇಳಿದ್ಲು. ಹೆಂಗಸರು ನಗಕೋತ ನಗಕೋತ ಗಡಿಗಿ ತಂದ್ರು. ಸಂಜಿ ಆಗೂದ್ರಾಗ ಬಂಡಿ ಬರಿದಾತು. ಕೋಣಿ ಉಳೀತು ಅಂತ ಜೀವ ಹಗುರಾತು, ನಾನೂ ಅವರ ಕೂಡ ನಕ್ಕೆ.

"ಇಷ್ಟು ದೊಡ್ಡಾವ ಆಗಿ ಇದು ಗೊತ್ತಿಲ್ಲಲ್ಲೋ. ನಿಮ್ಮ ಮನ್ಯಾಗ ಯಾರೂ ಹೇಳಿಕೊಟ್ಟಿಲ್ಲೇನು?" ಅಂತ ಕೇಳಿದ್ಲು ಮುದುಕಿ.

"ನಮ್ಮ ಮನ್ಯಾಗ ಯಾರೂ ಇಲ್ಲ ಯವ್ವಾ" ಅಂದೆ.

ಮುದುಕಿ ಲಗೂನ ಬಂದು ನನ್ನ ಬಾಯಿ ಮ್ಯಾಲೆ ಕೈ ಇಟ್ಲು.

"ಇಲ್ಲ ಅನಬ್ಯಾಡೋ ಯಪ್ಪಾ" ಅಂದ್ಲು. "ಹೆಚ್ಚಾಗ್ಯಾರ ಅನ್ನು."