ಸದ್ದು ಸೋಸುವ ಡಬ್ಬ

ನಮ್ಮ ಮನೆಯಲ್ಲಿ ಇನ್ನು ಮುಂದೆ ಶುದ್ಧ ಸಂಗೀತ ಮಾತ್ರ ಕೇಳಿಸತಕ್ಕದ್ದು ಎಂದು ನಾನು ಘೋಷಿಸಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ. ಮಹಾ ಘೋಷಣೆಗಳಿಗೆ ನಮ್ಮ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ.

ನನ್ನ ಅಂಗೈಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಸೋಪಿನ ಡಬ್ಬದಷ್ಟು ಗಾತ್ರ. ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ಕಡೆ ಕರೆಂಟು, ಇನ್ನೊಂದು ಕಡೆ ಸ್ಪೀಕರಿನ ವೈರು. ಆಡಿಸುವುದೆಲ್ಲ ಮೊಬೈಲಿನಿಂದ.

"ಇದರಲ್ಲಿ ಟಿಕೆಟ್ ಬುಕ್ ಮಾಡಬಹುದಾ?" ಎಂದಳು.

"ಇಲ್ಲ."

"ಫೋಟೋ ನೋಡಬಹುದಾ?"

"ಇಲ್ಲ! ಇದು ಹಾಡೋದು ಬಿಟ್ಟು ಬೇರೆ ಏನೂ ಮಾಡಲ್ಲ. ಅದೇ ಇದರ ಹೆಚ್ಚುಗಾರಿಕೆ!"

"ಒಂದೇ ಕೆಲಸ ಮಾಡೋರು ಮನೇಲಿ ಆಗಲೇ ಒಬ್ಬರಿದ್ದಾರಲ್ಲ. ಅದನ್ನೂ ಹೇಳಿಸಿಕೊಂಡು ಮಾಡ್ತಾರೆ."

ಮಹತ್ಕಾರ್ಯಕ್ಕೆ ಹೊರಟವನು ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು. ನಾನು ಡಬ್ಬದೊಳಗೆ ನನ್ನ ಹಾಡುಗಳನ್ನೆಲ್ಲ ತುಂಬಿದೆ. ಅದು ಮೊದಲು ಮೂಕವಾಗಿತ್ತು. ಆಮೇಲೆ ತೊದಲಿತು. ಕೊನೆಗೊಂದು ಸಂಜೆ ಹಾಡಿಯೇಬಿಟ್ಟಿತು! ಅದೆಂಥ ನಾದ! ಹಾಡುವವರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು.

ಅಷ್ಟು ಶುದ್ಧ ಸಂಗೀತ ಬಂದ ಮೇಲೆ ತಿಳಿದದ್ದೇನೆಂದರೆ, ಅಶುದ್ಧವಾಗಿರುವುದು ನಮ್ಮ ಮನೆಯೇ! ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅದರ ಸೆಲ್ ಕಿತ್ತೆ. ಮರುದಿನ ಹೆಂಡತಿಗೆ ಬಸ್ಸು ತಪ್ಪಿತು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಕೊಡುವವಳು. ಅವಳು ಹೋಗುವಷ್ಟರಲ್ಲಿ ಊರಿನ ಅರ್ಧ ಹಲ್ಲುನೋವು ಬಾಗಿಲಲ್ಲಿ ನಿಂತಿತ್ತಂತೆ. ಕರೆಗಂಟೆಯೂ ಸದಾ ಸಣ್ಣಗೆ ಗುಂಯ್‌ಗುಡುತ್ತಿತ್ತು; ಅದರ ವೈರು ಬಿಚ್ಚಿದೆ. ಫ್ರಿಜ್ಜಂತೂ ದೊಡ್ಡ ಗೊರಕೆಯ ಪ್ರಾಣಿ! ಹಾಡು ಕೇಳುವಾಗಲೆಲ್ಲ ಅದರ ಸ್ವಿಚ್ಚು ಆರಿಸುವುದನ್ನು ರೂಢಿ ಮಾಡಿಕೊಂಡೆ.

"ನಾನು ಉಸಿರಾಡಬಹುದಾ?" ಎಂದು ಹೆಂಡತಿ ಕೇಳಿದಳು.

"ಮೆಲ್ಲಗೆ," ಎಂದೆ.

ಈ ಕೀರ್ತಿ ಮಾವನ ಕಿವಿಗೂ ಬಿತ್ತು. ನಮ್ಮ ಮಾವ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಹಿರಿಯ ಮಗನ ಜೊತೆ ಇದ್ದಾರೆ. ಒಂದು ದಿನ ಫೋನ್ ಮಾಡಿದರು.

"ಅಳಿಯಂದ್ರೇ, ನನ್ನದೊಂದು ಹಳೇ ಕ್ಯಾಸೆಟ್ ಇದೆ. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದವು, ಕೇಳೋಕಾಗ್ತಿಲ್ಲ. ನಿಮ್ಮ ಡಬ್ಬದಲ್ಲಿ ಹಾಡುತ್ತಾ?"

"ಹೊಳೆಯೋ ಹಾಗೆ ಮಾಡಿಕೊಡ್ತೀನಿ ಮಾವ!"

"ಹೊಳೆಯೋದೇನೂ ಬೇಡ. ಆ ಕಾಲದ್ದು ಅಂತ ನನ್ನ ಹತ್ತಿರ ಉಳಿದಿರೋದು ಅದೊಂದೇ. ಜೋಪಾನ."

ಕ್ಯಾಸೆಟ್ ಬಂತು. ಅಟ್ಟದ ಮೇಲಿದ್ದ ನಮ್ಮ ಹಳೇ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಾಕಿ ಕಂಪ್ಯೂಟರಿಗೆ ಇಳಿಸಿದೆ. ಹರೆಯದ ಮಾವ ಮನೆಯಲ್ಲೇ ಕೂತು ಹಾಡಿದ್ದರು. ಆದರೆ ಹಿನ್ನೆಲೆಯಲ್ಲಿ ಏನೇನು ಗಲಾಟೆ! ಬಾಗಿಲು ಬಡಿದುಕೊಳ್ಳುತ್ತದೆ, ಪಾತ್ರೆ ಉರುಳುತ್ತದೆ, ಹಾಡಿನ ಮೇಲೆಯೇ ಯಾರೋ ಏನೋ ಕೂಗುತ್ತಾರೆ. ಛೆ, ಎಂಥ ಕಸ! ಸದ್ದು ಸೋಸುವ ಸಾಫ್ಟ್‌ವೇರ್ ಒಂದನ್ನು ಹಾಕಿ ಎಲ್ಲವನ್ನೂ ಗುಡಿಸಿ ತೆಗೆದೆ. ಹೆಂಡತಿಗೂ ಕೇಳಿಸಲಿಲ್ಲ, ಅಪ್ಪ ಮಗಳು ಒಟ್ಟಿಗೇ ಬೆರಗಾಗಲಿ ಎಂದು. ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಗುಜರಿ ಚೀಲಕ್ಕೆ ಹಾಕಿ ಬಾಗಿಲ ಹೊರಗಿಟ್ಟೆ. ಅವುಗಳ ಋಣ ತೀರಿತ್ತು.

ಭಾನುವಾರ ಮಾವ ಬಂದರು. ಬಂದು ಗಂಟೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು, ಮನೆಯಲ್ಲಿ ಯಾರೂ ಇಲ್ಲವೆಂದು ಮೆಟ್ಟಿಲಿಳಿದು ಹೊರಟೇಬಿಟ್ಟಿದ್ದರು. ಹೆಂಡತಿ ಕಿಟಕಿಯಿಂದ ಕಂಡು ಓಡಿಹೋಗಿ ಕರೆತಂದಳು. ನನ್ನ ಕಡೆ ನೋಡಿದ ಆ ನೋಟವನ್ನು ಯಾವ ಸಾಫ್ಟ್‌ವೇರೂ ಸೋಸಲಾರದು.

ಮಾವನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಶುದ್ಧ ನಾದದ ಬಗ್ಗೆ ಚಿಕ್ಕ ಭಾಷಣ ಮಾಡಿ, ಮೊಬೈಲ್ ಒತ್ತಿದೆ. ಹಾಡು ಹೊಮ್ಮಿತು! ಎಷ್ಟು ಸ್ಪಷ್ಟವೆಂದರೆ, ಮಾವನ ಶ್ರುತಿ ತಪ್ಪಿದ ಜಾಗಗಳೂ ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಮಾವ ಮುಂದಕ್ಕೆ ಬಾಗಿ ಕಾಯುತ್ತಿದ್ದರು. ಹಾಡು ಮುಗಿಯಿತು. ಅವರು ಕಾಯುತ್ತಲೇ ಇದ್ದರು.

"ಇನ್ನೊಂದ್ಸಲ ಹಾಕಿ," ಎಂದರು. ಹಾಕಿದೆ.

"ಅವಳೆಲ್ಲಿ?"

"ಯಾರು ಮಾವ?"

"ನಿಮ್ಮ ಅತ್ತೆ. ಎರಡನೇ ಚರಣ ಮುಗಿದ ಕೂಡಲೇ ಬರ್ತಾಳೆ."

ನಮ್ಮ ಮದುವೆಗೆ ಮುಂಚೆಯೇ ಅತ್ತೆ ತೀರಿಕೊಂಡಿದ್ದರು. ಅವರನ್ನು ನಾನು ಕಂಡವನಲ್ಲ, ಅವರ ದನಿ ಕೇಳಿದವನಲ್ಲ. ಕೇಳಿದ್ದು ಒಮ್ಮೆ ಮಾತ್ರ, ಈಚೆಗೆ, ಅಳಿಸುವ ಮೊದಲು.

"ಹಿಂದೆ ಯಾರೋ ಕೂಗ್ತಿದ್ರು..." ಎಂದೆ. "ಕಸ ಅಂತ... ತೆಗೆದುಬಿಟ್ಟೆ."

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ದನಿ ಕೇಳೋಕೆ ಇಷ್ಟು ದೂರ ಬಂದೆನಾ ಅಳಿಯಂದ್ರೇ? ಅದು ನನ್ನ ಗಂಟಲಲ್ಲೇ ಇದೆ. ಹೋಗ್ಲಿ, ಕ್ಯಾಸೆಟ್ ಕೊಡಿ."

ಗುಜರಿಯವನು ಹಿಂದಿನ ದಿನವೇ ಬಂದು ಹೋಗಿದ್ದ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಸ್ಪೀಕರಿನ ಹಿಂದೆ ಜಾಗವಿದ್ದರೆ ಅಡಗಿಕೊಳ್ಳುತ್ತಿದ್ದೆ.

ಹೆಂಡತಿ ಎದ್ದು ಒಳಗೆ ಹೋದಳು. ಬೀರುವಿನಲ್ಲಿ ಹೊದಿಕೆಗಳ ಕೆಳಗಿನಿಂದ ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ತಂದು ಮೇಜಿನ ಮೇಲಿಟ್ಟಳು.

"ಇವರು ಹೊರಗೆ ಹಾಕಿದ್ದನ್ನೆಲ್ಲ ಒಳಗೆ ತರೋದೇ ನನ್ನ ಸಂಸಾರ ಅಪ್ಪಾ," ಎಂದು ಗುಂಡಿ ಒತ್ತಿದಳು.

ಸೊಂಯ್ ಎಂದಿತು. ಹಾಡು ಶುರುವಾಯಿತು. ಎರಡನೇ ಚರಣ ಮುಗಿಯಿತು. ಬಾಗಿಲು ಬಡಿಯಿತು, ಪಾತ್ರೆ ಉರುಳಿತು, ಆಮೇಲೆ ಅತ್ತೆ ಬಂದರು.

"ಏನ್ರೀ! ಆ ಡಬ್ಬದ ಮುಂದೆ ಕೂತ್ರೆ ಲೋಕವೇ ಬೇಡ್ವಾ ನಿಮಗೆ? ಹಾಲು ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ನಲ್ಲ! ಎಲ್ಲಾ ಹಾಳು ಮಾಡಿ ಕೂತಿದ್ದೀರಲ್ಲ! ಹೋಗಿ ನೋಡಿ ಮೊದಲು!"

"ಹೋದೆ, ಹೋದೆ," ಎಂದರು ಟೇಪಿನಲ್ಲಿದ್ದ ಮಾವ. "ಹೋದೆ, ಹೋದೆ," ಎಂದರು ಕುರ್ಚಿಯಲ್ಲಿದ್ದ ಮಾವ. ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಹೆಂಡತಿ ಅಮ್ಮನ ದನಿಗೆ ಕಿವಿಯಾನಿಸಿ ನೆಲದ ಮೇಲೇ ಕೂತುಬಿಟ್ಟಿದ್ದಳು.

ಹಾಲು ಎಂದದ್ದು ಕೇಳಿ ನನಗೇನೋ ನೆನಪಾಯಿತು. ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದೆ. ಹಿಂದಿನ ಸಂಜೆ ಹಾಡಿನ ತಾಲೀಮಿಗೆಂದು ನಾನು ಆರಿಸಿ ಮರೆತ ಫ್ರಿಜ್ಜು, ಪರಮ ಮೌನದಲ್ಲಿ, ತನ್ನದೇ ನೀರಿನ ಮಡುವಿನ ನಡುವೆ ನಿಂತಿತ್ತು. ಒಳಗೆ ಹಾಲೆಲ್ಲ ಒಡೆದಿತ್ತು.

"ರೀ, ಅಪ್ಪನಿಗೆ ಕಾಫಿ ಮಾಡಬೇಕು, ಹಾಲಿದೆಯಾ ನೋಡಿ," ಎಂದು ನಡುಮನೆಯಿಂದ ಹೆಂಡತಿ ಕೂಗಿದಳು.

"ನಿಮ್ಮಮ್ಮ ಈಗ ತಾನೇ ಹೇಳಿದ್ರಲ್ಲ," ಎಂದೆ.