ಪಾಂಚಪ್ಪ ಏಳುವ ತನಕ

ನಮ್ಮ ಮನೆಯ ಕೊನೆಯ ಸಾಧಾರಣ ಶನಿವಾರದಂದು ನಾನು ಒಂದು ಸೀರೆಗಾಗಿ ಜಗಳವಾಡಿದೆ. ಅದು ಕೊನೆಯದೆಂದು ಗೊತ್ತಿದ್ದರೆ ಇನ್ನೂ ದೊಡ್ಡ ವಿಷಯ ಆರಿಸಿಕೊಳ್ಳುತ್ತಿದ್ದೆನೋ, ಜಗಳವನ್ನೇ ಬಿಡುತ್ತಿದ್ದೆನೋ ಹೇಳಲಾರೆ. ಬಹುಶಃ ಜಗಳ ಬಿಡುತ್ತಿರಲಿಲ್ಲ. ದೀಪಾವಳಿ ಮುಗಿದ ಮರುವಾರದ ಮಾತು ಅದು. ನಮ್ಮ ಯಜಮಾನರು ಗ್ಯಾರೇಜಿನಲ್ಲಿ ತಮ್ಮ ಮೋಟಾರ್‌ಸೈಕಲ್ಲನ್ನು ಚಳಿಗಾಲಕ್ಕೆ ಮಲಗಿಸುತ್ತಿದ್ದರು. ಪೆಟ್ರೋಲ್ ಕೆಡದಂತೆ ಟ್ಯಾಂಕಿಗೆ ಏನೋ ಔಷಧಿ ಸುರಿದು, ಚೈನಿಗೆ ಎಣ್ಣೆ ಬಿಟ್ಟು, ಬ್ಯಾಟರಿಗೆ ಒಂದು ಪುಟ್ಟ ಚಾರ್ಜರ್ ಸಿಕ್ಕಿಸಿ, ಮೇಲೆ ಹೊದಿಸಲು ನನ್ನ ಹಳೆಯ ಇಳಕಲ್ ಸೀರೆಯನ್ನು ಬೀರುವಿನಿಂದ ಎಳೆದು ತಂದಿದ್ದರು.

"ಅದು ನಮ್ಮವ್ವ ಕೊಟ್ಟ ಸೀರಿ ರೀ!" ಎಂದೆ.

"ಗೊತ್ತೈತಿ. ಅದಕ್ಕ ತಂದೀನಿ. ನಿಮ್ಮವ್ವನ ಸೀರಿ ಅಂದ್ರ ಗಾಡಿ ಮ್ಯಾಲೆ ಧೂಳೂ ಕುಂದ್ರಾಕ ಹೆದರತೈತಿ."

ನಾನು ಮಾತು ಬಿಟ್ಟು ಒಳಗೆ ಹೊರಟೆ. ಬೆನ್ನ ಹಿಂದಿನಿಂದ, "ಈ ಚಾರ್ಜರ್ ಒಂದು ಮಾತ್ರ ತೆಗೀಬ್ಯಾಡ ನೋಡು" ಎಂದರು. "ನಾ ಯಾಕ ಮುಟ್ಟಲಿ ನಿಮ್ಮ ಗಾಡೀನ?" ಎಂದೆ. ಈ ಉತ್ತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸ್ಯಾನ್ ಡಿಯಾಗೋದಲ್ಲಿ ಮೋಟಾರ್‌ಸೈಕಲ್ಲಿಗೆ ಹೊದಿಕೆ ಹೊದಿಸುವಂಥ ಚಳಿಗಾಲ ಎಲ್ಲಿದೆ ಎಂದು ನೀವು ಕೇಳಬಹುದು. ನಾನೂ ಹದಿನಾಲ್ಕು ವರ್ಷ ಕೇಳಿದೆ. ಇಲ್ಲಿ ಜನವರಿಯಲ್ಲೂ ಜನ ಅರ್ಧ ಚಡ್ಡಿ ಹಾಕಿಕೊಂಡು ಹಾಲು ತರಲು ಹೋಗುತ್ತಾರೆ. ವರ್ಷವಿಡೀ ಬೈಕ್ ಓಡಿಸುತ್ತಾರೆ. ಆದರೆ ನಮ್ಮವರು ಅಮೆರಿಕಕ್ಕೆ ಬಂದ ಹೊಸದರಲ್ಲಿ ಆರು ವರ್ಷ ಮಿನ್ನೆಸೋಟದಲ್ಲಿದ್ದವರು. ಅಲ್ಲಿ ಹಿಮ ಬೀಳುವ ಮೊದಲು ಗಾಡಿ ಮಲಗಿಸುವುದು, ಹಿಮ ಕರಗುವ ತನಕ ಕಿಟಕಿಯಲ್ಲಿ ನಿಂತು ಕಾಯುವುದು ಬೈಕ್ ಇದ್ದವರ ಪದ್ಧತಿಯಂತೆ. ಹಿಮ ಅಲ್ಲೇ ಉಳಿಯಿತು, ಪದ್ಧತಿ ಮಾತ್ರ ನಮ್ಮ ಸಾಮಾನಿನ ಜೊತೆ ಟ್ರಕ್ಕಿನಲ್ಲಿ ಬಂತು. "ಕಾಯಲಾರದ ಬಂದ ವಸಂತ ಏನ್ ವಸಂತ?" ಎನ್ನುತ್ತಿದ್ದರು. ಗದುಗಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದ ಮನುಷ್ಯ ಇಲ್ಲದ ಚಳಿಗೆ ಹೆದರಿ ನಾಲ್ಕು ತಿಂಗಳು ಬಸ್ಸಿನಲ್ಲಿ ಆಫೀಸಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ ಶನಿವಾರ ನಮ್ಮ ಪಕ್ಕದ ಮನೆಯಲ್ಲೂ ಒಂದು ಮಲಗಿಸುವ ಕಾರ್ಯ ನಡೆಯುತ್ತಿತ್ತು. ಪಕ್ಕದ ಮನೆಯಾಕೆ ಡೊಲೊರೆಸ್, ಎಂಬತ್ತು ದಾಟಿದ ಮೆಕ್ಸಿಕನ್ ಅಜ್ಜಿ. ಆಕೆ ಸಾಕಿದ್ದು ಒಂದು ಮರುಭೂಮಿಯ ಆಮೆ, ಹೆಸರು ಪಾಂಚೋ. ಆಕೆಯ ಗಂಡ ಇದ್ದಾಗಿನಿಂದ ಇರುವ ಆಮೆ, ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ನಮ್ಮವರು ಮೊದಲ ದಿನವೇ ಅದನ್ನು ಪಾಂಚಪ್ಪ ಮಾಡಿದರು. ಈ ಆಮೆಗಳು ಚಳಿಗಾಲ ಪೂರ್ತಿ ಅನ್ನನೀರಿಲ್ಲದೆ ಮಲಗುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಹರಿದ ಪೇಪರ್ ತುಂಬಿ, ನಡುವೆ ಆಮೆಯನ್ನಿಟ್ಟು, ಪೆಟ್ಟಿಗೆಯನ್ನು ತಣ್ಣಗಿರುವ ಗ್ಯಾರೇಜಿನ ಮೂಲೆಗೆ ಸೇರಿಸಬೇಕು. ಅಜ್ಜಿಗೆ ಎತ್ತಲಾಗುವುದಿಲ್ಲವೆಂದು ನಮ್ಮವರೇ ಹೋಗಿ ಎತ್ತಿಡುತ್ತಿದ್ದರು. ಪಾಂಚಪ್ಪ ಎದ್ದ ದಿನ ನಮ್ಮ ಗಾಡಿಯೂ ಏಳಬೇಕೆಂಬುದು ಅವರಿಬ್ಬರ ಒಪ್ಪಂದ.

ಹವಾಮಾನದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಪ್ಪಂದವಿರಲಿಲ್ಲ. ಪಾಂಚೋ ಎದ್ದ ಮೇಲೆ ದೊಡ್ಡ ಮಳೆ ಬರುವುದಿಲ್ಲ ಎಂದು ಅಜ್ಜಿ. ಸಂಕ್ರಾಂತಿಯಿಂದ ಹಗಲು ದಿನಕ್ಕೊಂದು ಎಳ್ಳುಕಾಳಿನಷ್ಟು ಬೆಳೆಯುತ್ತದೆ, ಶಿವರಾತ್ರಿಯ ಜಾಗರಣೆ ಮುಗಿಸಿಕೊಂಡು ಚಳಿ ಊರು ಬಿಡುತ್ತದೆ, ಚಂದ್ರನ ಸುತ್ತ ಉಂಗುರದಂತೆ ಕಣ ಕಟ್ಟಿದರೆ ಮಳೆ ಎಂದು ನಮ್ಮವರು. ಫೆಬ್ರವರಿಯ ಮೊದಲಲ್ಲಿ ಟೀವಿಯವರು, ಎಲ್ಲೋ ಹಿಮದ ರಾಜ್ಯದಲ್ಲಿ ಗ್ರೌಂಡ್‌ಹಾಗ್ ಎಂಬ ದಪ್ಪ ಪ್ರಾಣಿಯನ್ನು ಬಿಲದಿಂದ ಎತ್ತಿ, ಅದು ತನ್ನ ನೆರಳು ಕಂಡಿತೋ ಇಲ್ಲವೋ ನೋಡಿ ವಸಂತದ ಭವಿಷ್ಯ ಹೇಳುತ್ತಾರೆ. "ನೋಡಿದೇನ? ಇಷ್ಟ್ ದೊಡ್ಡ ದೇಶದಾಗ ಹೆಗ್ಗಣ ಪಂಚಾಂಗ ಓದತೈತಿ. ನಾ ಹೇಳಿದ್ರ ಮಾತ್ರ ನಿನಗ ನಗಿ," ಎಂದು ನನ್ನ ಮೇಲೆ ಬರುತ್ತಿದ್ದರು. ನಾನು ಫೋನು ನೋಡಿ ಹವಾಮಾನ ಹೇಳುತ್ತಿದ್ದೆ. ಬಹಳ ಸಲ ಫೋನು ಹೇಳಿದ್ದೇ ನಿಜವಾಗುತ್ತಿತ್ತು. ಅದಕ್ಕೆ ಯಾರೂ ಹೂವೇರಿಸಲಿಲ್ಲ.

ಹೂವು ಏರುತ್ತಿದ್ದದ್ದು ಗಾಡಿಗೆ. ಪಾಂಚಪ್ಪ ಎದ್ದ ದಿನ ಸೀರೆ ಸರಿಸಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಹಿತ್ತಲಿನ ದಾಸವಾಳ ಏರಿಸುವುದು ಅವರ ಕ್ರಮ. ಮೊದಲ ವರ್ಷ ಪೂಜೆ ನಡೆಯುತ್ತಿದ್ದಾಗ ಪಾಂಚಪ್ಪ ತೆರೆದ ಬಾಗಿಲಿನಿಂದ ನೇರ ಒಳಗೆ ಬಂದು, ಮುಂದಿನ ಚಕ್ರದ ಬುಡದಲ್ಲಿಟ್ಟಿದ್ದ ದಾಸವಾಳವನ್ನು ಕಚಕ್ಕನೆ ಕಚ್ಚಿ ತಿಂದುಬಿಟ್ಟಿತು. ಆಮೆಗಳಿಗೆ ದಾಸವಾಳವೆಂದರೆ ಪ್ರಾಣವಂತೆ, ನಮಗೇನು ಗೊತ್ತು? ನನ್ನ ಐವತ್ತು ವರ್ಷದ ಪೂಜೆಯಲ್ಲಿ ಇಟ್ಟದ್ದನ್ನು ನಿಜವಾಗಿ ತಿಂದ ದೇವರು ಅದೊಂದೇ. ನಮ್ಮವರು ಕೈಮುಗಿದು ನಿಂತರು. ಅಂದಿನಿಂದ ಚಕ್ರದ ಬುಡದ ಹೂವು ಪಾಂಚಪ್ಪನಿಗೆ ಮೀಸಲು.

ಆಮೇಲಿನ ಭಾನುವಾರ ನಾವಿಬ್ಬರೂ ಬೊರೆಗೊ ಮರುಭೂಮಿಗೆ ಹೂವು ನೋಡಲು ಹೋಗಬೇಕು. ಬೆಟ್ಟ ಇಳಿಯುವ ತಿರುವುಗಳಲ್ಲಿ ಹಿಂದೆ ಕೂತ ನಾನು "ನಿಧಾನ ಹೋಗ್ರಿ" ಎನ್ನುವುದು, ಅವರು "ಹೂಂ" ಎಂದು ಇನ್ನಷ್ಟು ಜೋರು ಮಾಡುವುದು. ಒಮ್ಮೆ ಪರೀಕ್ಷೆಗೆಂದು "ಜೋರ್ ಹೋಗ್ರಿ" ಎಂದೆ. ಅದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಆದರೆ ಒಂದು ವರ್ಷ, ಒಳ್ಳೆಯ ಮಳೆಯಾದ ವರ್ಷ, ಕೊನೆಯ ತಿರುವು ದಾಟಿದ ಮೇಲೆ ಅವರೇ ಗಾಡಿ ನಿಲ್ಲಿಸಿದರು. ಬರೀ ಮರಳೆಂದು ನಾನು ತಿಳಿದಿದ್ದ ನೆಲದ ಮೇಲೆ ಕಣ್ಣು ಹೋದಷ್ಟು ದೂರ ನೇರಳೆ, ಹಳದಿ, ಬಿಳಿ. ಅಷ್ಟೂ ಬೀಜ ಎಷ್ಟು ವರ್ಷದಿಂದ ಆ ಬಿಸಿಯಲ್ಲಿ ಉಸಿರು ಹಿಡಿದು ಕೂತಿದ್ದವೋ! ನಮ್ಮವರು ಹೆಲ್ಮೆಟ್ ತೆಗೆದರು. ಆಮೇಲೆ ಗುಡಿಯ ಮುಂದೆ ಬಿಡುವಂತೆ ಬೂಟುಗಳನ್ನೂ ರಸ್ತೆಯ ಪಕ್ಕ ಬಿಟ್ಟು, ಕಾಲುಚೀಲದಲ್ಲಿ ನಿಂತರು. ಮುಳ್ಳು ಚುಚ್ಚೀತೆಂದು ಬೈಯಬೇಕೆಂದಿದ್ದೆ, ಬದಲಿಗೆ ನನ್ನ ಬೂಟನ್ನೂ ಬಿಚ್ಚಿದೆ.

ಸೀರೆಯ ಜಗಳ ಶನಿವಾರದ್ದು. ಸೋಮವಾರ ಮಧ್ಯಾಹ್ನ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ, ಊಟದ ಡಬ್ಬಿ ತೆರೆಯುವ ಮುಂಚೆ ಅವರ ಹೃದಯ ನಿಂತಿತು. ಡಬ್ಬಿಯನ್ನು ಜೊತೆಯವರೊಬ್ಬರು ಮನೆಗೆ ತಂದುಕೊಟ್ಟರು. ರೊಟ್ಟಿ, ಬದನೆಕಾಯಿ ಪಲ್ಯ ಹಾಗೇ ಇದ್ದವು. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕಾರ್ಯದ ದಿನಗಳಲ್ಲಿ ಮನೆ ತುಂಬ ಜನ. ಮೊಸರು, ಹಾಲು, ತಂದ ಅಡಿಗೆ ಇಡಲು ಜಾಗವಿಲ್ಲದೆ ಯಾರದೋ ಮನೆಯಿಂದ ಇನ್ನೊಂದು ಫ್ರಿಜ್ ತಂದು ಗ್ಯಾರೇಜಿನಲ್ಲಿಟ್ಟರು. ಪ್ಲಗ್ ಎಲ್ಲಿ ಎಂದು ಕೇಳಿದರು. ನಾನೇ ಹೋಗಿ ಗೋಡೆಯಲ್ಲಿದ್ದ ಒಂದು ವೈರು ಕಿತ್ತು ಜಾಗ ಮಾಡಿಕೊಟ್ಟೆ. ಯಾವ ವೈರೆಂದು ನಿಮಗೆ ಗೊತ್ತಾಗಿದೆ. ನನಗೆ ಗೊತ್ತಾಗಲು ಫೆಬ್ರವರಿ ಬರಬೇಕಾಯಿತು.

ಫೆಬ್ರವರಿಯಲ್ಲಿ ಗ್ಲೆಂಡೇಲ್‌ನಲ್ಲಿರುವ ಮಗಳು ಮೇಘಾ ಬಂದಳು. ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. "ಅಮ್ಮಾ, ಯು ಡೋಂಟ್ ಈವನ್ ರೈಡ್. ಪ್ಲೀಸ್, ಲೆಟ್ ಇಟ್ ಗೋ," ಎಂದಳು. ಅವಳ ಮಾತು ಸರಿಯೇ. ತನ್ನ ಕಣ್ಣು ಗ್ಯಾರೇಜಿನ ಕಡೆ ಹೋಗದಂತೆ ನಡೆದಾಡುತ್ತಿದ್ದಳು, ಅದನ್ನೂ ನೋಡಿದೆ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಗಾಡಿಯ ಹಳೆಯ ಚಿತ್ರ ಮಾರಾಟಕ್ಕೆಂದು ಹಾಕಿ ಹೋದಳು. ಮರುದಿನವೇ ಪ್ರಶಾಂತನೆಂಬ ಬೆಂಗಳೂರಿನ ಹುಡುಗ ಬಂದ. ಸಾಫ್ಟ್‌ವೇರ್ ಕೆಲಸ, ಒಳ್ಳೆಯ ನಡತೆ. ನನ್ನನ್ನು ಆಂಟಿ ಎಂದದ್ದೊಂದೇ ದೋಷ. ಸೀರೆ ಸರಿಸಿ, ಕೂತು, ಬಟನ್ ಒತ್ತಿದ. ಗಾಡಿ ಉಸಿರೆತ್ತಲಿಲ್ಲ.

"ಬ್ಯಾಟರಿ ಫುಲ್ ಡೆಡ್ ಆಂಟಿ. ಚಾರ್ಜರ್ ತೆಗ್ದುಬಿಟ್ಟಿದ್ದಾರೆ ನೋಡಿ ಯಾರೋ."

"ಹೌದಪ್ಪ, ಯಾರೋ," ಎಂದೆ. ಅವರು ನನಗೆ ವಹಿಸಿಹೋದ ಕೊನೆಯ ಕೆಲಸ ಅದೊಂದೇ. ಅದೂ ಮಾಡು ಎಂದದ್ದಲ್ಲ, ಮಾಡಬೇಡ ಎಂದದ್ದು. ಅಷ್ಟೂ ನನ್ನಿಂದ ಆಗಲಿಲ್ಲ.

"ಏನೂ ತೊಂದ್ರೆ ಇಲ್ಲ, ಹೊಸದ್ ಹಾಕ್ಸಿದ್ರೆ ಆಯ್ತು. ನಾಳೆ ತಗೊಂಡ್ ಹೋಗ್ಲಾ?"

ಆಗ ನನ್ನ ಬಾಯಿಂದ ತಾನಾಗಿ ಬಂತು: "ನಾಳೆ ಬ್ಯಾಡಪ್ಪ. ಪಾಂಚಪ್ಪ ಏಳಲಿ."

"ಸಾರಿ ಆಂಟಿ... ಅಂಕಲ್ ಮಲಗಿದಾರಾ?"

ಪಾಂಚಪ್ಪ ಯಾರೆಂದು ಹೇಳಿದೆ. ಆಮೆ ಎದ್ದ ದಿನ ಗಾಡಿ ಕೊಡುತ್ತೇನೆ, ಅಲ್ಲಿಯ ತನಕ ಕಾಯಬೇಕು ಎಂದೆ. ಅವನು ನನ್ನನ್ನೂ, ಗೋಡೆಯ ಮೇಲೆ ಹಾರ ಹಾಕಿದ್ದ ಚಿತ್ರವನ್ನೂ ನೋಡಿ, "ಓಕೆ ಆಂಟಿ" ಎಂದ. ಪಾಪದ ಹುಡುಗ.

ಆ ವರ್ಷ ಮಳೆ ಬಿಡಲೇ ಇಲ್ಲ. ಶಿವರಾತ್ರಿ ಬಂತು, ಹೋಯಿತು, ಚಳಿ ಹೋಗಲಿಲ್ಲ. ಮಾರ್ಚ್ ಅರ್ಧವಾದರೂ ಪಾಂಚಪ್ಪನ ಪೆಟ್ಟಿಗೆಯಲ್ಲಿ ಸದ್ದಿಲ್ಲ. ಪ್ರತಿ ವರ್ಷ ಇಷ್ಟರಲ್ಲಿ ಎದ್ದಿರುತ್ತಿತ್ತು. ನಾನು ದಿನಾ ಬೆಳಿಗ್ಗೆ ಅಜ್ಜಿಯ ಗ್ಯಾರೇಜಿಗೆ ಹೋಗಿ, ನೆಲದ ಮೇಲೆ ಕೂತು, ರಟ್ಟಿಗೆ ಕಿವಿ ಹಚ್ಚಿ ಕೇಳತೊಡಗಿದೆ. ಆ ಸೋಮವಾರ ಮಧ್ಯಾಹ್ನದ ನಂತರ ನನಗೆ ಮಲಗಿದ ಯಾವುದರ ಮೇಲೂ ನಂಬಿಕೆ ಇರಲಿಲ್ಲ. "ಪೆಟ್ಟಿಗೆ ತೆರೆದು ನೋಡೋಣವೇ?" ಎಂದು ಅಜ್ಜಿಯನ್ನು ಕೇಳಿದೆ. "ಬೇಡ. ಅವನಾಗೇ ಏಳಬೇಕು. ನನ್ನ ಗಂಡ ತೀರಿಕೊಂಡ ವರ್ಷವೂ ಪಾಂಚೋ ಹೀಗೇ ತಡ ಮಾಡಿದ. ನಾನೂ ನಿನ್ನ ಹಾಗೇ ಕಿವಿ ಹಚ್ಚಿ ಕೂತಿದ್ದೆ," ಎಂದಳು. ಆಕೆಗೂ ನನಗೂ ಇದಕ್ಕಿಂತ ಉದ್ದದ ಮಾತು ಆ ಚಳಿಗಾಲದಲ್ಲಿ ಆಗಿರಲಿಲ್ಲ.

ಒಂದು ಶನಿವಾರ ಪ್ರಶಾಂತ ಹೊಸ ಬ್ಯಾಟರಿ ಹಿಡಿದು ಬಂದ. ಮನೆಯಲ್ಲಿ ನಾನಿಲ್ಲದೆ ಪಕ್ಕದ ಗ್ಯಾರೇಜಿಗೆ ಬಂದು ನೋಡಿದರೆ, ಆಂಟಿ ರಟ್ಟಿನ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದಾಳೆ. "ಆಂಟಿ, ಆರ್ ಯು ಓಕೆ?" ಎಂದ. "ಶ್!" ಎಂದೆ. ಕೆರೆತದ ಸದ್ದು ಬಂದಿತ್ತು. ಒಣ ಎಲೆಯ ಮೇಲೆ ಬೆರಳೆಳೆದಂಥ ಸದ್ದು. ನಿಂತಿತು. ಮತ್ತೆ ಬಂತು. ಅಜ್ಜಿ ಮುಚ್ಚಳ ತೆರೆದಳು. ಪೇಪರಿನ ಚೂರುಗಳು ಮೆಲ್ಲಗೆ ಮೇಲೆದ್ದವು. ನಡುವಿನಿಂದ ಮಣ್ಣಿನ ಬಣ್ಣದ ಒಂದು ತಲೆ ಹೊರಗೆ ಬಂತು. ಒಂದು ಕಣ್ಣು ತೆರೆಯಿತು. ಎರಡನೆಯದಕ್ಕೆ ಅವಸರವಿರಲಿಲ್ಲ.

"ಉಸಿರಾಡ್ತಿದೆ ಆಂಟಿ," ಎಂದು ಪ್ರಶಾಂತ ಪಿಸುಗುಟ್ಟಿದ. ಕೋಡ್ ಬರೆಯುವ ಹುಡುಗ, ಬ್ಯಾಟರಿಯನ್ನು ಕೂಸಿನಂತೆ ಎದೆಗವಚಿಕೊಂಡಿದ್ದ.

ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಳಿಸಿದೆವು. ಪಾಂಚಪ್ಪ ಮೂತಿ ಅದ್ದಿ ಕುಡಿಯಿತು. ನಾಲ್ಕು ತಿಂಗಳ ಬಾಯಾರಿಕೆ ಅದರದು. ಎಷ್ಟು ಹೊತ್ತು ಕುಡಿಯಿತೆಂದರೆ ನಾವು ಮೂವರೂ ಉಗುಳು ನುಂಗುತ್ತ ನಿಂತೆವು. ಆಮೇಲೆ ತಟ್ಟೆಯಿಂದಿಳಿದು, ಅಜ್ಜಿಯ ಅಂಗಳ ದಾಟಿ, ನಮ್ಮ ಗ್ಯಾರೇಜಿನ ಕಡೆ ಹೊರಟಿತು. ನಲವತ್ತು ಹೆಜ್ಜೆಯ ದಾರಿಗೆ ಅರ್ಧ ಗಂಟೆ. ಹಿಂದೆ ನಾವು ಮೂವರು, ಪಲ್ಲಕ್ಕಿಯ ಹಿಂದೆ ನಡೆದಂತೆ. ಅದು ಒಳಗೆ ಹೋಗಿ, ಮುಂದಿನ ಚಕ್ರದ ಬುಡದಲ್ಲಿ ನಿಂತು, ಕತ್ತು ಚಾಚಿ ಕಾಯಿತು. ನಾನೋ, ಇಟ್ಟ ಕನ್ನಡಕ ಎಲ್ಲಿ ಎಂದು ಮನೆಯೆಲ್ಲ ಹುಡುಕುವವಳು. ಸತ್ತಂತೆ ಮಲಗಿ ಎದ್ದ ಆ ಜೀವಕ್ಕೆ ಹೂವಿನ ಜಾಗ ಮರೆತಿರಲಿಲ್ಲ. ಹಿತ್ತಲಿಗೆ ಓಡಿ ದಾಸವಾಳ ತಂದಿಟ್ಟೆ. ತಿಂದಿತು. ನಮ್ಮವರು ನಿಲ್ಲುತ್ತಿದ್ದ ಕಡೆ ಒಮ್ಮೆ ತಲೆಯೆತ್ತಿತು ಎಂದು ನನಗನಿಸಿತು. ಅನಿಸಿದ್ದಷ್ಟೇ ಇರಬಹುದು.

ಬ್ಯಾಟರಿ ಕೂತಿತು. ಎರಡನೆಯ ಸಲಕ್ಕೆ ಗಾಡಿ ಗುಡುಗಿತು. ಪಾಂಚಪ್ಪ ತಲೆ ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಹೊರಗೆ ಹಾಕಿ ಉಳಿದ ಎಸಳು ತಿಂದಿತು. ನಾನು ಕುಂಕುಮ ಹಚ್ಚಿ ನಿಂಬೆಹಣ್ಣಿಟ್ಟೆ. ಸೀರೆ ಮಡಚಿಕೊಂಡೆ, ಅದರಲ್ಲಿ ಎಣ್ಣೆಯ ವಾಸನೆ ಇತ್ತು. "ಆಂಟಿ, ಕೂತ್ಕೊಳಿ, ಒಂದ್ ರೌಂಡ್ ಹೋಗ್ಬರೋಣ. ಆಮೇಲೆ ತಗೊಂಡ್ ಹೋಗ್ತೀನಿ," ಎಂದ ಪ್ರಶಾಂತ. ನನ್ನ ಹೆಲ್ಮೆಟ್ ಮೊಳೆಯ ಮೇಲೇ ತೂಗುತ್ತಿತ್ತು.

ರಸ್ತೆ ಏರಿ ಗುಡ್ಡದ ಅಂಚಿಗೆ ಬಂದಾಗ ಕೆಳಗಿನ ಕಣಿವೆ ಕಂಡಿತು. ನವೆಂಬರಿನಲ್ಲಿ ಒಣಗಿ ಬೂದಿಯ ಬಣ್ಣಕ್ಕಿದ್ದ ಗುಡ್ಡಗಳೆಲ್ಲ ಹಸಿರು. ಮೈತುಂಬ ಕಾಡುಸಾಸಿವೆಯ ಹಳದಿ, ನಡುನಡುವೆ ಗಸಗಸೆ ಜಾತಿಯ ಪಾಪಿ ಹೂವಿನ ಕಿತ್ತಳೆ. ನಾನು ಬಾಗಿಲು ಹಾಕಿಕೊಂಡು ಕೂತಿದ್ದಾಗ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ, ಇಷ್ಟೆಲ್ಲ ಆಗಿಹೋಗಿತ್ತು. ಕಣ್ಣು ತುಂಬಿ, ಹೆಲ್ಮೆಟ್ಟಿನ ಗಾಜು ಮಂಜಾಯಿತು. ಮುಂದೆ ತಿರುವಿತ್ತು. ಕಾಣದೆಯೇ, ಹದಿನಾಲ್ಕು ವರ್ಷದ ಅಭ್ಯಾಸದಂತೆ, "ನಿಧಾನ ಹೋಗ್ರಿ" ಎಂದೆ.

"ಸಾರಿ ಆಂಟಿ," ಎಂದ ಪ್ರಶಾಂತ. ಕೂಡಲೇ ವೇಗ ಇಳಿಸಿದ.

ಒಳ್ಳೆಯ ಹುಡುಗ. ಹೇಳಿದ ಮಾತು ಕೇಳುತ್ತಾನೆ. ಗಂಡನಾದವನು ಹೀಗಿರಬೇಕೆಂದು ನಾನು ಆ ಹಿಂದಿನ ಸೀಟಿನಲ್ಲಿ ಕೂತು ಎಷ್ಟು ಸಲ ಗೊಣಗಿದ್ದೇನೋ. ಗಾಡಿ ಮೆಲ್ಲಗೆ, ಮರ್ಯಾದೆಯಿಂದ ತಿರುವು ದಾಟಿತು. ನಿಧಾನ ಹೋಗ್ರಿ ಎಂದರೆ ಜೋರು ಮಾಡುವವರು ಇಲ್ಲ.