ಕೋಡಿಯ ಮಧ್ಯಾಹ್ನ

ಪ್ರೇಮಾನಂದರು ಆ ಭಾನುವಾರ ಫೋಟೋ ಪ್ರದರ್ಶನಕ್ಕೆ ಹೋಗಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಮನೆಯಲ್ಲಿ ಕರೆಂಟಿರಲಿಲ್ಲ, ಸಭಾಭವನದಲ್ಲಿ ಫ್ಯಾನಿತ್ತು. ಹೆಂಡತಿ ರಾಜೀವಿ ಮಹಿಳಾ ಮಂಡಲದ ಕೆಲಸವೆಂದು ಬೆಳಗಾಗುತ್ತಲೇ ಹೊರಟವಳು, ಪ್ರದರ್ಶನದ ಸಂಜೆಯ ಸಭೆಗೆ ತಾನೂ ಬರುತ್ತೇನೆಂದು ಹೇಳಿ ಹೋಗಿದ್ದಳು.

ಕೀರ್ತನ್ ಎಂಬ ಯುವಕ ಬೈಂದೂರಿನಿಂದ ಬ್ರಹ್ಮಾವರದವರೆಗೆ ಕ್ಯಾಮೆರಾ ನೇತುಹಾಕಿಕೊಂಡು ಅಲೆದು ತೆಗೆದ ಚಿತ್ರಗಳು ಗೋಡೆ ತುಂಬ ಇದ್ದವು. ಬಾರ್ಕೂರಿನ ಗದ್ದೆ, ಸಾಲಿಗ್ರಾಮದ ವೇಷಧಾರಿಯ ಅರ್ಧ ಬಣ್ಣ ಹಚ್ಚಿದ ಮುಖ. ಪ್ರೇಮಾನಂದರು ಕೈ ಹಿಂದೆ ಕಟ್ಟಿಕೊಂಡು ಒಂದೊಂದಕ್ಕೂ ತಲೆಯಾಡಿಸುತ್ತ ಮೂಲೆಯವರೆಗೆ ಬಂದರು. ಅಲ್ಲಿ ಅವರ ಜೀವ ಬಾಯಿಗೆ ಬಂತು.

ಬಾಗಿಲಿನಷ್ಟು ದೊಡ್ಡ ಚಿತ್ರ. ಕಡಲತೀರದ ಕೋಡಿಯಲ್ಲಿ ಸುಂದರಿ ನಡೆಸುವ ಊಟದ ಹೋಟೆಲು. ಬೆಂಚಿನ ಮೇಲೆ ತಮ್ಮದೇ ಬೋಳುಮಂಡೆ, ಈಗಲೂ ಮೈಮೇಲಿರುವ ಅದೇ ನೀಲಿ ಪಟ್ಟೆಯ ಅಂಗಿ. ಖುಷಿಯಾದಾಗಲೂ ಹೆದರಿಕೆಯಾದಾಗಲೂ ಕುತ್ತಿಗೆ ಕೆರೆಯುವ ಅದೇ ಎಡಗೈ. ಪಕ್ಕದಲ್ಲಿ ಮೀನಿನ ಮುಳ್ಳಿನ ರಾಶಿ. ಕೆಳಗೆ ‘ಕೋಡಿಯ ಮಧ್ಯಾಹ್ನ’ ಎಂಬ ಹೆಸರು.

ಮಗಳು ಅಕ್ಷಯಾಳಿಗೆ ಕೆಲಸ ಸಿಕ್ಕಿದರೆ ಗಂಡ ಹೆಂಡತಿ ಇಬ್ಬರೂ ಒಂದು ವರ್ಷ ಮೀನು ಮುಟ್ಟುವುದಿಲ್ಲವೆಂದು ರಾಜೀವಿ ದೇವರಿಗೆ ಹರಕೆ ಹೇಳಿಕೊಂಡಿದ್ದಳು. ಗಂಡನನ್ನು ಕೇಳಿರಲಿಲ್ಲ, ಕೇಳುವ ಕ್ರಮ ಆ ಮನೆಯಲ್ಲಿರಲಿಲ್ಲ. ಕೆಲಸ ಸಿಕ್ಕಿತು. ಮೀನಿಲ್ಲದೆ ತುತ್ತು ಇಳಿಯದ ರಾಜೀವಿ ಬಸಳೆ ಸೊಪ್ಪು ತಿಂದುಕೊಂಡು ವರ್ಷ ದೂಡಿದಳು. ಪ್ರೇಮಾನಂದರೋ, ಬಿಪಿಗೆ ಸಮುದ್ರದ ಗಾಳಿ ಒಳ್ಳೆಯದೆಂದು ವಾರಕ್ಕೊಮ್ಮೆ ಕೋಡಿಗೆ ಹೋಗಿ ಗಾಳಿಯ ಜೊತೆ ಬಂಗುಡೆ ಮೀನನ್ನೂ ಸೇವಿಸಿ ಬರುತ್ತಿದ್ದರು. ಹರಕೆ ಇಂದಿಗೆ ಮುಗಿಯುತ್ತದೆ. ನಾಳೆ ಮನೆಯಲ್ಲಿ ಅಂಜಲ್ ಮೀನಿನ ಊಟ. ಆದರೆ ಹರಕೆ ತಪ್ಪಿದವರು ಮೊದಲಿನಿಂದ ಶುರು ಮಾಡಬೇಕೆಂಬುದು ರಾಜೀವಿಯ ಕಾನೂನು. ಅದರಲ್ಲಿ ಒಡಹುಟ್ಟಿದ ತಂಗಿಗೂ ಅವಳು ರಿಯಾಯಿತಿ ಕೊಟ್ಟವಳಲ್ಲ.

ಪ್ರೇಮಾನಂದರು ಆಚೀಚೆ ನೋಡಿ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಲು ಕೈ ಹಾಕಿದರು. ಅಷ್ಟರಲ್ಲಿ ಹಿಂದಿನಿಂದ ರತ್ನಾಕರ ಮಾಸ್ತರು ಬಂದರು. ಇವರು ನಿವೃತ್ತ ಡ್ರಾಯಿಂಗ್ ಮಾಸ್ತರು, ಪಕ್ಕದ ಮನೆಯವರು, ಪ್ರದರ್ಶನದ ಸಂಘಟಕರು. ಊರಿನಲ್ಲಿ ಇವರು ಕೈಯಾಡಿಸದ ಕೆಲಸವಿಲ್ಲ.

"ಹ್ವಾಯ್, ಎಂತ ಮಾಡ್ತಿದ್ರಿ?"

"ಎಂತ ಇಲ್ಲೆ. ಪಟ ಸ್ವಲ್ಪ ಓರೆ ಆದಂಗಿತ್ತ್" ಎಂದು ಪ್ರೇಮಾನಂದರು ಚಿತ್ರಕ್ಕೆ ಅಡ್ಡವಾಗಿ ನಿಂತುಬಿಟ್ಟರು.

ನಿಂತವರು ಅಲುಗಲಿಲ್ಲ. ಊಟದ ಹೊತ್ತಾಯಿತು, ಹೋಗಲಿಲ್ಲ. ಕುರ್ಚಿ ಜೋಡಿಸುತ್ತಿದ್ದ ದೇವು ಕನಿಕರಪಟ್ಟು ಚಾ ತಂದುಕೊಟ್ಟ, ನಿಂತೇ ಕುಡಿದರು. ಯಾರಾದರೂ ಎಡಗಡೆಯಿಂದ ಇಣುಕಿದರೆ ಎಡಕ್ಕೆ ಸರಿದರು, ಬಲಗಡೆಯಿಂದ ಇಣುಕಿದರೆ ಬಲಕ್ಕೆ. ಮುಚ್ಚಿಟ್ಟದ್ದನ್ನು ನೋಡದೆ ಹೋಗುವ ಜನ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಸ್ವಲ್ಪ ಹೊತ್ತಿನಲ್ಲಿ ಉಳಿದ ಚಿತ್ರಗಳ ಮುಂದೆ ಒಂದು ನೊಣವೂ ಇರಲಿಲ್ಲ; ಇಡೀ ಸಭಾಭವನ ಈ ಮೂಲೆಯಲ್ಲಿತ್ತು. ಈ ಚಿತ್ರದ ನೆರಳು ಬೆಳಕಿಗೆ ಪ್ರೇಮಾನಂದರು ಹಸಿವು ಮರೆತಿದ್ದಾರೆಂದು ಮಾಸ್ತರು ಬಂದವರಿಗೆಲ್ಲ ವಿವರಿಸಿದರು. ಪ್ರೇಮಾನಂದರ ಹೊಟ್ಟೆ ಮಾತ್ರ ಎಲ್ಲರಿಗೂ ಕೇಳುವಂತೆ ಗುರುಗುಟ್ಟುತ್ತಿತ್ತು.

ಸುದ್ದಿ ತಿಳಿದು ಕೀರ್ತನ್ ಓಡಿ ಬಂದ. ತನ್ನ ಚಿತ್ರದ ಮುಂದೆ ಇಷ್ಟು ಹೊತ್ತು ನಿಂತವರನ್ನು ಅವನು ಕಂಡಿರಲಿಲ್ಲ. ಅವನ ಕಣ್ಣು ತುಂಬಿತು. ಪ್ರೇಮಾನಂದರಿಗೆ ಅಯ್ಯೋ ಪಾಪ ಎನ್ನಿಸಿತು, ಜೊತೆಗೆ ದಾರಿಯೂ ಹೊಳೆಯಿತು.

"ಇದನ್ನ್ ನಾನೇ ತಕಂತೆ" ಎಂದರು. "ಈಗ್ಳೇ ಪೇಪರ್ ಸುತ್ತಿ ಕೊಡಿ."

ಪೇಪರ್ ಸುತ್ತಲು ಮಾಸ್ತರು ಬಿಡಬೇಕಲ್ಲ. ಕುಂದಾಪುರದಲ್ಲಿ ಒಬ್ಬರು ಕಲಾಕೃತಿ ಕೊಳ್ಳುವುದೆಂದರೇನು, ಅವರನ್ನು ಬರಿಗೈಯಲ್ಲಿ ಕಳಿಸುವುದೆಂದರೇನು. ಸಂಜೆಯ ಸಭೆಯಲ್ಲಿ ಸನ್ಮಾನ ಎಂದು ಅಲ್ಲೇ ಮೈಕಿನಲ್ಲಿ ಸಾರಿಬಿಟ್ಟರು. ನಮ್ಮ ಕಡೆ ಮಳೆಯನ್ನಾದರೂ ತಪ್ಪಿಸಿಕೊಳ್ಳಬಹುದು, ಶಾಲು ಹಿಡಿದುಕೊಂಡು ಬಂದವರನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಪ್ರೇಮಾನಂದರು ತಲೆನೋವೆಂದರು, ಅಂಗಡಿ ತೆರೆಯಬೇಕೆಂದರು. ಅದನ್ನೆಲ್ಲ ಮಾಸ್ತರು ವಿನಯವೆಂದೇ ತಿಳಿದರು.

ಸಂಜೆ ವೇದಿಕೆಯ ಮೇಲೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಎರಡನೇ ಸಾಲಿನಲ್ಲಿ ಮಹಿಳಾ ಮಂಡಲದ ಹೆಂಗಸರ ನಡುವೆ ರಾಜೀವಿ ಕೂತಿದ್ದಳು. ಗಂಡನಿಗೆ ಸನ್ಮಾನವೆಂದು ಅವಳ ಮುಖ ಅರಳಿತ್ತು. ದೇವುವೂ ಕೀರ್ತನನೂ ಚಿತ್ರವನ್ನು ಹೊತ್ತು ತಂದು ಅವರ ಪಕ್ಕದಲ್ಲೇ ಎತ್ತಿ ಹಿಡಿದರು.

ಸಭೆಯ ಕಡೆಗೆ ಮುಖ ತೋರಿಸುವ ಧೈರ್ಯ ಅವರಿಗಿರಲಿಲ್ಲ. ಗಕ್ಕನೆ ತಿರುಗಿ ನಿಂತು, ಗೋಡೆ ನೋಡುತ್ತ, ಹೆದರಿಕೆಯಲ್ಲಿ ಎಡಗೈಯಿಂದ ಕುತ್ತಿಗೆ ಕೆರೆದುಕೊಂಡರು. ಕೈ ಎತ್ತಿದ್ದಕ್ಕೆ ಶಾಲು ಜಾರಿ ಕೆಳಗೆ ಬಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಚಪ್ಪಾಳೆಯೂ ಸೇರಿತ್ತು. ವೇದಿಕೆಯ ಮೇಲೆ ಎರಡು ಬೋಳುಮಂಡೆ, ಎರಡು ನೀಲಿ ಪಟ್ಟೆಯ ಬೆನ್ನು, ಕುತ್ತಿಗೆಯ ಮೇಲೆ ಎರಡು ಎಡಗೈ. ಚಿತ್ರದಲ್ಲಿದ್ದುದು ಬರೀ ಬೆನ್ನು. ಮುಖದ ಒಂದು ಗೆರೆಯೂ ಅದರಲ್ಲಿರಲಿಲ್ಲ.

ಸಭೆ ಮುಗಿದ ಮೇಲೆ ರಾಜೀವಿ ನಿಧಾನವಾಗಿ ಬಂದು ಹಣ್ಣಿನ ಬುಟ್ಟಿ ತೆಗೆದುಕೊಂಡಳು.

"ಬೆಳಿಗ್ಗೆ ಇಲ್ಲಿನ ಬಾಗ್ಲಲ್ಲಿ ರಂಗೋಲಿ ಹಾಕುಕೆ ಬಂದಾಗ್ಳೇ ನಾನ್ ಪಟ ಎಲ್ಲ ಕಂಡಿದೆ. ಯಾರೋ ಹಸ್ದ ಗಂಡ್ಸ್, ಪಾಪ ಅಂದೇಳಿ ಸುಮ್ನಾದೆ" ಎಂದಳು. "ನೀವ್ ಮನೇಲೇ ಮನ್ಕಂಡಿದ್ರೆ ನಂಗೆ ಗೊತ್ತೇ ಆತಿರ್ಲಿಲ್ಲ."

ಪ್ರೇಮಾನಂದರು ಬಿದ್ದ ಶಾಲನ್ನು ಹೆಕ್ಕಿ ಮಡಚತೊಡಗಿದರು.

"ನನ್ ಹರಕೆ ಇವತ್ತಿಗೆ ಮುಗೀತ್. ನಿಮ್ದ್ ನಾಳಿಂದ ಸುರು."

ಚಿತ್ರವನ್ನು ಕೊಂಡಾಗಿತ್ತಲ್ಲ, ಬಿಡಲಾಗಲಿಲ್ಲ. ಎಲ್ಲಿ ತೂಗುಹಾಕಬೇಕೆಂದು ರಾಜೀವಿಯೇ ಜಾಗ ತೋರಿಸಿದಳು. ಮರುದಿನ ಮಧ್ಯಾಹ್ನ ಅವಳ ತಟ್ಟೆಯಲ್ಲಿ ಹುರಿದ ಅಂಜಲ್ ತುಂಡುಗಳು, ಪ್ರೇಮಾನಂದರ ತಟ್ಟೆಯಲ್ಲಿ ಬಸಳೆ. ಎದುರಿನ ಗೋಡೆಯ ಮೇಲೆ ಅವರದೇ ಬೆನ್ನು, ಖುಷಿಯಲ್ಲಿ ಕುತ್ತಿಗೆ ಕೆರೆಯುತ್ತ, ಇನ್ನೂ ಊಟ ಮಾಡುತ್ತಲೇ ಇತ್ತು.